ಬಾಕಿ ಉಳಿದ ಚರಣ

ಸಂಕ್ರಾಂತಿ ಮುಗಿದಿದ್ದರೂ ಚಳಿ ಇನ್ನೂ ಹೋಗಿರಲಿಲ್ಲ. ಮಹಾರಾಷ್ಟ್ರ ಬೇರೆ ರಾಜ್ಯವಾದ ಮೇಲಿನ ಎರಡನೆಯ ಚಳಿಗಾಲ ಅದು. ಇಚಲಕರಂಜಿಯ ಆ ಚಾಳಿನಲ್ಲಿ ಬೆಳಗಿನ ಬಿಸಿಲು ಮೊದಲು ಬೀಳುತ್ತಿದ್ದದ್ದು ಯಮುನಾಬಾಯಿಯ ಕಟ್ಟೆಯ ಮೇಲೆ. ಅವಳು ರಾಟಿಯನ್ನು ಬಿಸಿಲಿಗೆ ಎಳೆದುಕೊಂಡು, ಮಗ್ಗದ ಲಾಳಿಗೆ ಹಾಕುವ ಕಂಡಕಿಗಳಿಗೆ ನೂಲು ಸುತ್ತುತ್ತ ಕೂತಿದ್ದಳು. ಚಳಿಗೆ ಬಿರುಸಾದ ನೂಲು ಮತ್ತೆ ಮತ್ತೆ ಹರಿಯುತ್ತಿತ್ತು. ಹರಿದಾಗ ಎರಡೂ ತುದಿಗಳನ್ನು ಬೆರಳ ನಡುವೆ ಹೊಸೆದು ಗಂಟು ಹಾಕಿ ಮತ್ತೆ ತಿರುಗಿಸುವಳು. ಹಿಂದಿನ ಓಣಿಯ ಶೆಡ್ಡಿನಲ್ಲಿ ಮಗ್ಗಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಆ ಸದ್ದಿನಲ್ಲಿ ಯಾರು ಏನು ಗುನುಗಿದರೂ ಪಕ್ಕದವರಿಗೆ ಕೇಳಿಸುತ್ತಿರಲಿಲ್ಲ. ಅವಳಿಗೆ ಈ ಊರು ಒಗ್ಗಿದ್ದು ಅದಕ್ಕೇ ಇರಬೇಕು.

ಎದುರಿನ ಖೋಲಿಯ ಬಾಳಕ್ಕ ಬಂದು ಖಾಲಿ ಕಂಡಕಿಗಳ ಬುಟ್ಟಿಯ ಪಕ್ಕ ಕೂತಳು. ಮಗ್ಗ ನಡೆಸುವ ಗುರಣ್ಣನ ಮಗಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ತೌರಿಗೆ ಬಂದು ಎರಡು ವರ್ಷವಾಗಿತ್ತು. ಹಾಡು ಮಾತ್ರ ಗಂಡನ ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ.

"ಮಾವಶಿ, ಅಪ್ಪ ಏನಂದ ಗೊತ್ತೈತೇನು?"

"ನಿಮ್ಮಪ್ಪ ಮಗ್ಗದ ಸಪ್ಪಳದಾಗ ಕಿವಿ ಕಳಕೊಂಡಾನ. ನೀ ಏನ ಕೇಳಿದಿಯೋ, ಅವ ಏನ ಕೇಳಿಸ್ಕೊಂಡಾನೋ."

"ಸರೀನ ಕೇಳಿಸ್ಕೊಂಡಾನ. ಯಮುನಕ್ಕ ಹೂಂ ಅಂದ್ರ ಹೋಗು ಅಂದ. ಆಕಿ ಕಂಪನ್ಯಾಗ ಬಣ್ಣಾ ಹಚ್ಚಿದಾಕಿ, ಒಳಗಿನ ಹುಳುಕು ಆಕಿಗೆ ಗೊತ್ತಿರ್ತೈತಿ ಅಂದ."

ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ಪೇಟೆ ತುಂಬಿದ್ದರಿಂದ ಒಂದು ಕನ್ನಡ ನಾಟಕ ಕಂಪನಿ ಅಲ್ಲಿ ಕ್ಯಾಂಪು ಹಾಕಿತ್ತು. ಅವರಿಗೆ ಹಾಡುವ ಹೆಣ್ಣು ಬೇಕಾಗಿತ್ತು. ಬರುವ ಆಯಿತವಾರ ಮಾಲಕರು ದನಿ ಕೇಳುತ್ತಾರೆಂದು ಬಾಳಕ್ಕನ ಸೋದರಮಾವ ಹೇಳಿ ಕಳಿಸಿದ್ದ.

ಯಮುನಾಬಾಯಿ ಕೈಯಲ್ಲಿದ್ದ ಕಂಡಕಿ ತುಂಬುವವರೆಗೆ ಸುತ್ತಿದಳು. ಆಮೇಲೆ, ಯಾರೋ ಕೀಲಿ ತಿರುವಿದಂತೆ, ಹೇಳತೊಡಗಿದಳು.

"ಮುಂದಿನ ಕುರ್ಚಿಯವರ ಮಾರಿ ನೋಡಿ ಹಾಡಬಾರದು. ಅವರು ಪುಕ್ಕಟೆ ಪಾಸಿನ ಮ್ಯಾಲೆ ಬಂದಿರ್ತಾರ. ಹಿಂದ ಮಣ್ಣಾಗ ಕುಂತವರನ್ನ ನೋಡಬೇಕು. ಅವರು ಒಂದಿನದ ಪಗಾರ ಕೊಟ್ಟು ಬಂದಿರ್ತಾರ. ಹುಳಿ ಮಜ್ಜಿಗಿ ಬಿಡಬೇಕು. ಪೇಟಿ ಬಾರಿಸೋ ಮಾಸ್ತರನ ಕೂಡ ಜಗಳಾ ಬ್ಯಾಡ, ಸಿಟ್ಟಿಗೆದ್ರ ಅವ ಸ್ವರಾ ಒಂದು ಪಟ್ಟಿ ಏರಿಸಿ ನಿನ್ನ ಗಂಟಲಾ ಹರೀತಾನ. ಇನ್ನ ದುಃಖದ ಹಾಡು ಬಂದಾಗ ನೀ ಅಳಬ್ಯಾಡ. ಅಳೂದು ಮಂದೀ ಕೆಲಸ. ಅವರ ಕೆಲಸಾನೂ ನೀನ ಮಾಡಿದ್ರ ಅವರು ಶೇಂಗಾ ತಿನ್ನಾಕ ಹತ್ತತಾರ."

ಬಾಳಕ್ಕ ನಕ್ಕಳು. ರಾಟಿ ಯಾವಾಗಲೋ ನಿಂತಿತ್ತು. ಯಮುನಾಬಾಯಿಯ ಬಲಗೈ ಮಾತ್ರ ಗಾಳಿಯಲ್ಲಿ ಇಲ್ಲದ ಸೆರಗೊಂದನ್ನು ಸರಿಪಡಿಸುತ್ತಿತ್ತು.

"ಅಂದ್ರ ಹೋಗ್ಲೇನು ಮಾವಶಿ?"

"ಬ್ಯಾಡ."

"ಮತ್ತ ಇಷ್ಟೊತ್ತು ಹೇಳಿದ್ದು?"

"ಕೇಳಿದಿ, ಹೇಳಿದೆ." ಅವಳು ರಾಟಿಯ ಹಿಡಿ ಹಿಡಿದಳು, ತಿರುಗಿಸಲಿಲ್ಲ. "ಮಂದಿ ಸಾಕು ಅಂದ ದಿವಸ ನಿನ್ನ ಬಾಜೂ ಯಾರೂ ನಿಂದ್ರಂಗಿಲ್ಲ. ಗಂಡ ಒಬ್ಬವ ಸಾಕು ಅಂದಿದ್ದಕ್ಕ ಎರಡು ವರ್ಷ ಕಣ್ಣೀರು ಹಾಕಿದಿ. ಊರಿಗೆ ಊರ ಅಂದ್ರ ಏನ್ ಮಾಡ್ತಿ?"

ಆಮೇಲೆ ಅವಳು ತನ್ನ ಸಂಗತಿ ಹೇಳಿದಳು. ಅವಳು ಕೊಪ್ಪಳದ ಕಡೆಯವಳು. ಅವಳಿದ್ದ ಕಂಪನಿ ಮೊದಲ ಸಲ ಈ ಸೀಮೆಗೆ ಬಂದಾಗ ಮರಾಠಿಯ ಒಂದು ಮಾತೂ ಬರುತ್ತಿರಲಿಲ್ಲ. ಗಂಡನ ದಾರಿ ಕಾಯುವ ರಾಣಿಯ ಪಾತ್ರ. ಮೂರು ಚರಣದ ಹಾಡು. ಕೊಲ್ಲಾಪುರದಲ್ಲಿ ಹಾಡು ಮೂರನೆಯ ಚರಣಕ್ಕೆ ಬರುವಷ್ಟರಲ್ಲಿ ಜನ ಕೂಗಿದರು.

"ಪುರೇ, ಪುರೇ ಅಂದ್ರು. ಪಡದೀ ಹಿಂದ ಬಂದು ಕೇಳಿದೆ, ಹಂಗಂದ್ರ ಏನಂತ. ಮರಾಠ್ಯಾಗ ಸಾಕು ಅಂತ ಅರ್ಥ ಅಂದ್ರು. ಈ ಕಡೆ ಬಂದು ನಾ ಕಲತ ಮೊದಲನೇ ಮರಾಠಿ ಮಾತು ಅದು. ಮುಂದಿನ ಕ್ಯಾಂಪು ಗಡಹಿಂಗ್ಲಜ. ಅಲ್ಲಿ ಅಂಜಿ, ಎರಡ ಚರಣಕ್ಕ ನಿಲ್ಲಿಸಿದೆ. ಅಷ್ಟಾದ್ರೂ ಬಿಡಲಿಲ್ಲ. ಹಿಂದ ಮಣ್ಣಾಗ ಕುಂತವರ ಎದ್ದು ನಿಂತು ಪುರೇ, ಪುರೇ ಅಂದ್ರು."

ಅವಳು ಬಣ್ಣ ಒರೆಸಿ, ಯಾರ ಮಾತಿಗೂ ನಿಲ್ಲದೆ ಬೆಳಗಿನ ಮೊದಲ ಬಸ್ಸಿಗೆ ಇಚಲಕರಂಜಿಯ ಅಕ್ಕನ ಮನೆಗೆ ಬಂದಿದ್ದಳು. ಅಕ್ಕ ಹೋದಳು, ರಾಟಿ ಉಳಿಯಿತು. ಕಂಪನಿಯೂ ಮುಂದೆ ಎಲ್ಲೋ ಮುರಿಯಿತೆಂದು ಕೇಳಿದ್ದಳು.

ಬಾಳಕ್ಕ ಎದ್ದು ತನ್ನ ಖೋಲಿಗೆ ಹೋದಳು. 

ಶನಿವಾರ ಮಧ್ಯಾಹ್ನ ಅವಳ ಸೋದರಮಾವ ಬಸವಣ್ಣೆಪ್ಪ ಸೋದರಸೊಸೆಯನ್ನು ಕರೆದೊಯ್ಯಲು ಗಡಹಿಂಗ್ಲಜದಿಂದ ಬಂದ. ಅಲ್ಲಿನ ಪೇಟೆಯಲ್ಲಿ ಮೆಣಸಿನಕಾಯಿ ತೂಗುವ ಆಳು. ತಂಗಿಯ ಮನೆಗೆಂದು ತಂದ ಮೆಣಸಿನಕಾಯಿ ಚೀಲ ಇಳಿಸುವಷ್ಟರಲ್ಲಿ ಅರ್ಧ ಚಾಳು ಸೀನತೊಡಗಿತು. ಯಮುನಕ್ಕ ಬೇಡವೆಂದಳೆಂಬುದನ್ನು ಗುರಣ್ಣನಿಂದ ಕೇಳಿ, ಅವನು ಸೀದಾ ಅವಳ ಕಟ್ಟೆಗೇ ಬಂದ. ಗುರಣ್ಣ, ಬಾಳಕ್ಕ ಅವನ ಹಿಂದೆಯೇ ಬಂದರು. ಬಸವಣ್ಣೆಪ್ಪ ಯಮುನಾಬಾಯಿಯ ಹುಬ್ಬಿನ ಮೇಲಿನ ಮಚ್ಚೆ, ಗದ್ದ ಎತ್ತಿ ನೋಡುವ ರೀತಿ ಎಲ್ಲವನ್ನೂ ನೋಡಿದ.

"ಬಾಯಾರ, ನೀವು ರಾಣೀ ಪಾರ್ಟ ಮಾಡತಿದ್ರಿ, ಹೌದಲ್ರಿ? ದೀಪಾ ಹಿಡಕೊಂಡು?"

"ಮಾಡ್ತಿದ್ದೆ. ನಿಮ್ಮೂರವರ ಬಿಡಸಿದ್ರಲ್ಲ."

"ನಾವು ಬಿಡಸಿದ್ವಾ? ನೀವ ನಮ್ಮದೊಂದು ಚರಣ ಬಾಕಿ ಇಟ್ಟು ಓಡಿ ಬಂದೀರಿ. ಇವತ್ತಿಗೂ ಪೇಟ್ಯಾಗ ಯಾರರ ತೂಕಾ ಕಡಿಮಿ ಹಾಕಿದ್ರ, ರಾಣೀ ಹಾಡು ಆತಲ್ಲೋ ಅಂತೀವಿ."

"ಪುರೇ ಅಂತ ಕೂಗಿದವರು ಯಾರು ಮತ್ತ?"

ಬಸವಣ್ಣೆಪ್ಪ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಪುರೇ ಅಲ್ರಿ ಬಾಯಾರ. ಪೂರಾ. ಪೂರಾ ಹಾಡ್ರಿ ಅಂತ ಕೂಗಿದ್ವಿ. ನಾನೂ ಕೂಗೇನಿ. ಗೇಟಿನಾಗ ಹಾಡಿನ ಪುಸ್ತಕಾ ಮಾರಿದ್ರು, ಅದರಾಗ ಮೂರು ಚರಣ ಇದ್ವು. ನೀವು ಎರಡಕ್ಕ ನಿಂತ್ರಿ. ಪೂರಾ, ಪೂರಾ ಅಂತ ಎದ್ದು ನಿಂತ್ವಿ. ನಿಮಗ ಹಟಾ ಅಂತ ತಿಳಕೊಂಡ್ವಿ."

ಯಮುನಾಬಾಯಿಯ ಕೈಯಲ್ಲಿ ನೂಲು ಹರಿಯಿತು. ಅವಳು ತುದಿ ಹುಡುಕಲಿಲ್ಲ. ಚಾಳಿನ ಬಾಗಿಲ ಆಚೆ ಇದ್ದ ಬೇವಿನ ಮರ ತೋರಿಸಿದಳು.

"ಅಲ್ಲಿಗೆ ಹೋಗಿ ಕೂಗ್ರಿ."

"ಏನಂತ?"

"ಅವತ್ತ ಏನ ಕೂಗಿದ್ರೋ ಅದನ್ನ."

ಅವನು ಗುರಣ್ಣನ ಮುಖ ನೋಡಿದ. ಗುರಣ್ಣ ಏನೂ ಕೇಳಿಸಿಕೊಂಡಿರಲಿಲ್ಲ. ಬಸವಣ್ಣೆಪ್ಪ ಮರದ ಕೆಳಗೆ ಹೋಗಿ ನಿಂತು, ಓಣಿಯವರೆಲ್ಲ ತಿರುಗಿ ನೋಡುವಂತೆ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. ಮಗ್ಗಗಳ ಬಡಿತದ ಮೇಲೆ ಹಾದು ಬಂದ ಆ ಮಾತು ಪೂರಾ ಎಂದೂ ಕೇಳಿಸಿತು, ಪುರೇ ಎಂದೂ ಕೇಳಿಸಿತು.

"ಇನ್ನೊಮ್ಮೆ," ಎಂದಳು. ಬಾಳಕ್ಕ ಕೈಸನ್ನೆ ಮಾಡಿ ಅವನಿಗೆ ತಿಳಿಸಿದಳು. ಅವನು ಇನ್ನೊಮ್ಮೆ ಕೂಗಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಎದ್ದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಸಂಜೆ ಬಾಗಿಲು ತೆರೆದಾಗ ಮುಖ ತೊಳೆದು ಕುಂಕುಮ ಹಚ್ಚಿಕೊಂಡಿದ್ದಳು.

"ಬಾಳಾ, ಮುಂಜಾನೆ ಎಷ್ಟಕ್ಕ ಬಸ್ಸು? ನಾನೂ ಬರ್ತೇನಿ. ನಿಮ್ಮಪ್ಪಗ ಹೂಂ ಅಂದಾಳಂತ ಹೇಳು. ಜೋರಾಗಿ ಹೇಳು."

ಆಯಿತವಾರ ಮಧ್ಯಾಹ್ನ ಗಡಹಿಂಗ್ಲಜದಲ್ಲಿ ಪೇಟೆ ಆಚೆಯ ಬಯಲಿನ ತುಂಬ ಮೆಣಸಿನಕಾಯಿ ಒಣಹಾಕಿದ್ದರು. ಥೇಟರಿನ ತಟ್ಟಿಗಳ ಸಂದಿಯಿಂದ ಅದರ ಘಾಟು ಒಳಗೂ ಬರುತ್ತಿತ್ತು. ಬಾಳಕ್ಕ ರಂಗದ ಹಲಿಗೆಯ ಮೇಲೆ ನಿಂತು ಹಾಡಿದಳು. ಮುಂದೆ ಕೂತ ಮಾಲಕರನ್ನು ನೋಡದೆ ಖಾಲಿ ಮಣ್ಣು ನೆಲವನ್ನೇ ನೋಡಿ ಹಾಡಿದಳು. ಹಾಡು ಮುಗಿದಾಗ ಮಾಲಕರು, "ಗುರುವಾರ ಹಾಸಿಗಿ ತಗೊಂಡು ಬಾರವಾ," ಎಂದಷ್ಟೇ ಹೇಳಿ ಚಹಾಕ್ಕೆ ಎದ್ದರು. ಬಾಳಕ್ಕ ಕೆಳಗಿಳಿದು ಯಮುನಾಬಾಯಿಯ ಕಾಲು ಮುಟ್ಟಿದಳು.

ಯಮುನಾಬಾಯಿ ಅವಳನ್ನು ಎಬ್ಬಿಸಿದಳು, ಆದರೆ ಕಣ್ಣು ಹಲಿಗೆಯ ಮೇಲಿತ್ತು. ಹೊಸ ಪಡದೆ, ಹೊಸ ಪೇಟಿ ಮಾಸ್ತರ. ಬಣ್ಣದ ಡಬ್ಬಿಯ ವಾಸನೆ ಮಾತ್ರ ಹಳೆಯದೇ.

"ಬಾಯಾರ," ಬಸವಣ್ಣೆಪ್ಪ ಮೆಲ್ಲಗೆ ಅಂದ, "ನಮ್ಮದೊಂದು ಬಾಕಿ ಇತ್ತಲ್ಲರಿ."

ಅವಳು ಹತ್ತಿದಳು. ಮಾಸ್ತರ ಯಾವ ಪಟ್ಟಿ ಎಂದು ಕೇಳಿದಾಗ ಹಳೆಯ ಪಟ್ಟಿಯ ಹೆಸರು ಬಾಯಿಗೆ ಬಂತು. ನುಂಗಿಕೊಂಡು, "ಎಷ್ಟು ಕೆಳಗ ಆಗತೈತೋ ಅಷ್ಟು," ಎಂದಳು. ಬಸವಣ್ಣೆಪ್ಪ ಖಾಲಿ ಕುರ್ಚಿಗಳನ್ನೆಲ್ಲ ದಾಟಿ ಹೋಗಿ ಹಿಂದೆ ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅವಳು ಅವನನ್ನೇ ನೋಡಿ ಮೂರನೆಯ ಚರಣ ಎತ್ತಿದಳು.

"ಬಂದರೂ ಬಾಗಿಲು ತೆರೆದಿಹುದು..."

ದನಿ ಸವೆದಿತ್ತು. ಆದರೂ ಸಾಲಿನ ತಿರುವು ಎಲ್ಲಿತ್ತೋ ಅಲ್ಲೇ ಇತ್ತು.  ಮುಂದಿನ ಸಾಲು ಮೇಲೆ ಏರಬೇಕಿತ್ತು. "ಬಾರದೆ..." ಎಂದಳು. ಅಲ್ಲಿ ದನಿ ನಿಂತಿತು. ಮತ್ತೊಮ್ಮೆ ಎತ್ತಿದಳು. ಮೆಣಸಿನಕಾಯಿ ಘಾಟು ಗಂಟಲಿಗೆ ಹೊಡೆದು ಕೆಮ್ಮು ಬಂತು. ಮಾಸ್ತರ ಪೇಟಿಯ ಭಾತೆ ಒತ್ತುತ್ತ ಸ್ವರವನ್ನು ಹಿಡಿದೇ ಇದ್ದ. ಅವಳು ಕಂಬ ಹಿಡಿದು ಕೆಮ್ಮಿದಳು, ಕಣ್ಣು ಒರೆಸಿಕೊಂಡು ಮೂರನೆಯ ಸಲಕ್ಕೆ ಬಾಯಿ ತೆರೆದಳು.

"ಪುರೇ ರೀ ಬಾಯಾರ," ಹಿಂದಿನಿಂದ ಬಸವಣ್ಣೆಪ್ಪ ಎದ್ದು ನಿಂತು ಕರೆದ, "ತ್ರಾಸ ತಗೋಬ್ಯಾಡ್ರಿ."

ಹೇಳಿದ ಮೇಲೆ ಅವನಿಗೆ ತಾನು ಅಂದ ಮಾತು ತಿಳಿಯಿತು. ನಾಲಿಗೆ ಕಚ್ಚಿಕೊಂಡ. ಬಾಳಕ್ಕ ಅವನತ್ತ ಕಣ್ಣು ಬಿಟ್ಟಳು.

ಯಮುನಾಬಾಯಿ ನಗತೊಡಗಿದಳು. ಕೆಮ್ಮಿನ ನಡುವೆಯೇ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಈ ಸಲ ಸರೀ ಕೇಳಿಸ್ತು," ಎಂದಳು. ನಗು ತೀರಿದ ಮೇಲೂ ಕಂಬ ಬಿಡಲಿಲ್ಲ. ಹಲಿಗೆಯ ಅಂಚಿನಿಂದ ಹಿಂದಿನ ತಟ್ಟಿಯವರೆಗೂ ಖಾಲಿ ನೆಲವನ್ನು ನಿಧಾನವಾಗಿ ನೋಡಿದಳು.

"ಕ್ಯಾಂಪು ಯಾವಾಗಿನ ತನಕಾ ಐತಿ ಮಾಸ್ತರ?"

"ಶಿವರಾತ್ರಿ ತನಕಾ ಐತ್ರಿ."

"ಹಂಗಾರ ಬಾಕ್ಯಾಗ ಅರ್ಧಾ ಮುಟ್ಟೈತಿ ಅನ್ರಿ, ಬಸವಣ್ಣೆಪ್ಪ. ಉಳದರ್ಧಾ ಇರ್ಲಿ. ಮತ್ತ ಬರಾಕ ನನಗೊಂದು ನೆಪಾ ಬೇಕಲ್ಲ."

ಮಾಸ್ತರ ಆಗ ಸ್ವರ ಬಿಟ್ಟ. ಬಾಳಕ್ಕ ಕೈ ಚಾಚಿದಳು. ಯಮುನಾಬಾಯಿ ಅದನ್ನು ಹಿಡಿಯದೆ, ಎಡಗೈಯಲ್ಲಿ ನೆರಿಗೆ ಎತ್ತಿ, ಬಲಗೈಯಲ್ಲಿ ದೀಪವಿದ್ದಂತೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು.