ಸೊಸೆಯ ತೊಂಬತ್ತು ದಿನ

ಮರೆಪ್ಪನ ಮನೆಗೆ ಸೊಸೆ ಬಂದು ನಲವತ್ತು ದಿನವಾಗಿತ್ತು. ಸೊಸೆ ಬಂದಿದ್ದಾಳೆಂದು ಅವನು ಯಾರಿಗೂ ಹೇಳಿರಲಿಲ್ಲ.

ಮುಂಬಯಿಯ ಕಾಂದಿವಲಿ ಪೂರ್ವದಲ್ಲಿ ಗುಡ್ಡಕ್ಕೆ ಆತುಕೊಂಡಿರುವ ಚಾಳು. ಅದರ ಕೊನೆಯ ಖೋಲಿ, ಒಂದೇ ಕೋಣೆಯ ಮನೆ, ಮರೆಪ್ಪನದು. ಇಂಡಿ ಕಡೆಯವನು. ಮೊದಲು ಗಾರೆ ಕೆಲಸ ಮಾಡುತ್ತಿದ್ದ, ಈಗ ಒಂದು ಬಿಲ್ಡಿಂಗಿನ ವಾಚ್‌ಮನ್. ಹೆಂಡತಿ ಭಾಗವ್ವ ಎರಡು ಮನೆಗಳಲ್ಲಿ ರೊಟ್ಟಿ ಮಾಡಿಕೊಡುತ್ತಾಳೆ. ಒಬ್ಬನೇ ಮಗ ಬಸು. ಪ್ರಯಾಣಿಕರ ದೊಡ್ಡ ಹಡಗಿನಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು. ಅದೇ ಹಡಗಿನ ಕೋಣೆಗಳಲ್ಲಿ ಹಾಸಿಗೆ ಸರಿಪಡಿಸುವ ಕೆಲಸ ಮಾರಿಸೋಲ್‌ಳದು. ಪೆರು ದೇಶದ ಗುಡ್ಡಗಾಡಿನ ಹುಡುಗಿ, ಎರಡು ಜಡೆ, ಮಾತು ಕಡಿಮೆ. ದಿನವೂ ಮೈಲಿಗೆ ಚಾದರ ತಂದು ಕೊಡುತ್ತ, ಮಡಿ ಚಾದರ ಒಯ್ಯುತ್ತ ಬಸುವಿನ ಮನಸ್ಸಿಗೆ ಬಂದಳು. ಹಡಗಿನ ಕರಾರು ಮುಗಿದ ಮೇಲೆ ತನ್ನ ಊರಿಗೆ ಹೋಗಿ, ಅಲ್ಲಿಂದ ಮುಂಬಯಿಗೆ ಬಂದಳು. ಬಂದ ಎಂಟನೆಯ ದಿನ ಚಾಳಿನ ಹನುಮಪ್ಪನ ಗುಡಿಯಲ್ಲಿ ನಾಲ್ಕೇ ಜನರ ಮುಂದೆ ತಾಳಿ ಕಟ್ಟಿದ್ದಾಯಿತು.

“ಪೆರು ಅಂದ್ರ ಎಲ್ಲಿ ಬರತೈತೋ?” ಎಂದು ಭಾಗವ್ವ ಮಗನನ್ನು ಕೇಳಿದ್ದಳು.

“ಭೂಮಿ ಆ ಕಡಿ ಬಾಜೂಕ ಅವ್ವಾ. ನಾವು ಎದ್ದಾಗ ಅವರು ಮಲಗತಾರ.”

ಭಾಗವ್ವ ಹಿಟ್ಟು ನಾದುವುದನ್ನು ನಿಲ್ಲಿಸಿದಳು. “ಹಂಗಾರ ನಮಗ ಕನಸು ಬೀಳೂ ಹೊತ್ತಿನ್ಯಾಗ ಅವರು ಕೆಲಸ ಮಾಡತಿರತಾರ ಅನ್ನು,” ಎಂದಳು.

ಮುಂಜಾನೆ ಗುಡ್ಡದ ಮೇಲೆ ಬೆಳ್ಳನೆಯ ಮಂಜು ಕೂತಿರುತ್ತಿತ್ತು. ಬೊರಿವಲಿ ಕಡೆಯ ಕಾಡು, ಅದರಾಚೆಯ ಎತ್ತರದ ಬಿಲ್ಡಿಂಗುಗಳು, ಎಲ್ಲ ತೇಲಿದ ಹಾಗೆ ಕಾಣುತ್ತಿದ್ದವು. ಮಾರಿಸೋಲ್ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಅತ್ತೆ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ನಡುವೆ ಇದ್ದದ್ದು ನಾಲ್ಕೈದು ಹಿಂದಿ ಮಾತು. ಚಹಾ ಆರುವವರೆಗೆ ಇಬ್ಬರೂ ಸುಮ್ಮನೆ ನೋಡುತ್ತಿದ್ದರು. ಆಗ ಮರೆಪ್ಪ ಒಳಗಿನಿಂದ ಮೆಲ್ಲಗೆ ಹೇಳುತ್ತಿದ್ದ, “ಒಳಗ ಬರ್ರಿ. ಯಾರರ ನೋಡಿದ್ರ ಕೇಳತಾರ.”

ಮರೆಪ್ಪ ಕೆಟ್ಟವನಲ್ಲ, ಹೆದರಿದವನು. ಬಸು ಚಿಕ್ಕವನಿದ್ದಾಗ ಅವರ ಗುಡಿಸಲನ್ನು ಕೆಡವಿದ್ದರು. ಅಂದಿನಿಂದ, ಕಾಗದ ತೋರಿಸು ಅನ್ನುವವರೆಲ್ಲ ಮನೆ ಕೆಡವಲು ಬಂದವರೇ ಎಂದು ಅವನ ಎದೆಯಲ್ಲಿ ಕೂತುಬಿಟ್ಟಿತ್ತು.

ಒಂದು ಮಧ್ಯಾಹ್ನ ಭಾಗವ್ವನಿಗೆ ಜೊಂಪು ಹತ್ತಿತು, ಕನಸು ಬಿತ್ತು. ಸಮುದ್ರದ ಮೇಲೆ ಉದ್ದಕ್ಕೆ ಹಗ್ಗ ಕಟ್ಟಿ ಸೊಸೆ ಬಿಳಿ ಚಾದರ ಒಣಹಾಕುತ್ತಿದ್ದಾಳೆ. ನೀರಿನ ಮೇಲೆ ನಡೆಯುತ್ತ ನಡೆಯುತ್ತ ದೂರ ಹೋಗುತ್ತಿದ್ದಾಳೆ. ಕರೆದರೆ ತಿರುಗಿ ನಗುತ್ತಾಳೆ, ಆದರೆ ಕಾಲು ನಿಲ್ಲುವುದಿಲ್ಲ. ಎಚ್ಚರವಾದಾಗ ಭಾಗವ್ವನ ಕಣ್ಣು ಒದ್ದೆಯಾಗಿತ್ತು. ಎದ್ದವಳೇ ಮೂರು ಖೋಲಿ ಆಚೆಗಿದ್ದ ಶಿವಕುಮಾರಿಯ ಬಾಗಿಲಿಗೆ ಹೋದಳು.

ಶಿವಕುಮಾರಿ ಮಾಟುಂಗದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್. ಚಾಳಿನ ಹೆಂಗಸರ ಸ್ವಸಹಾಯ ಸಂಘವನ್ನೂ ಅವಳೇ ನಡೆಸುತ್ತಾಳೆ. ಭಾಗವ್ವನ ಮಾತನ್ನೆಲ್ಲ ಕೇಳಿದಳು. ಕನಸು ಎಂದು ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದಳು.

“ಕಾಕಾ, ಹುಡುಗಿ ಯಾವ ವೀಸಾದ ಮ್ಯಾಲ ಬಂದಾಳ?”

“ಯಾವುದರ ಇರಲಿ ಯವ್ವಾ,” ಎಂದ ಮರೆಪ್ಪ. “ಗುಡ್ಯಾಗ ತಾಳಿ ಕಟ್ಟೇವಿ. ಆಕಿ ಈಗ ನಮ್ಮಾಕಿ. ಇನ್ನ ಕಾಗದ ಯಾಕ ಬೇಕು?”

“ತಾಳಿ ನಿಮಗ ಕಾಣತೈತಿ ಕಾಕಾ. ಏರ್‌ಪೋರ್ಟಿನ್ಯಾಗ ಕುಂತಾವಗ ಕಾಣಂಗಿಲ್ಲ. ಅವಗ ಮದುವಿ ನೋಂದಣಿ ಸರ್ಟಿಫಿಕೇಟ್ ಬೇಕು.”

ಬಸು ತಲೆ ತಗ್ಗಿಸಿ ಹೇಳಿದ, “ಟೂರಿಸ್ಟ್ ವೀಸಾ ಅಕ್ಕಾ. ಒಂದು ಸಲ ಬಂದ್ರ ತೊಂಬತ್ತು ದಿನ ಇರಬಹುದು. ನಲವತ್ತು ಆದುವು.”

“ತೊಂಬತ್ತು ದಾಟಿದ್ರ?” ಎಂದಳು ಭಾಗವ್ವ.

“ದಾಟಿದ್ರ ಕಾನೂನು ಮೀರಿ ಇದ್ದಾಂಗ, ಕಾಕು. ದಂಡ ಬೀಳತೈತಿ. ದೇಶ ಬಿಟ್ಟು ಹೋಗಾಕೂ ಬ್ಯಾರೆ ಪರವಾನಗಿ ಬೇಕು. ಮುಂದ ಆಕೀನ ಮತ್ತ ಒಳಗ ಬಿಡದನೂ ಇರಬಹುದು. ಆದ್ರ ಇನ್ನೂ ಐವತ್ತು ದಿನ ಅದಾವು. ಹೆದರಬ್ಯಾಡ್ರಿ. ಎಲ್ಲಿ, ಪಾಸ್‌ಪೋರ್ಟ್ ತೋರಸ್ರಿ.”

ಮರೆಪ್ಪ ಗೋಡೆಗೆ ಒರಗಿ ಕೂತ.

“ಸ್ಟೇಷನ್ ಹತ್ರ ಒಬ್ಬ ಏಜೆಂಟ್ ಅದಾನ,” ಎಂದ. “ಎಲ್ಲೂ ಹೋಗೂದು ಬ್ಯಾಡ, ಯಾರಿಗೂ ಹೇಳೂದು ಬ್ಯಾಡ, ನಾನ ವೀಸಾದ ಸಿಕ್ಕಾ-ಮುದ್ರಿ ಹೊಡಸಿ ಕೊಡತೀನಿ ಅಂದ. ಮೊನ್ನೆ ಪಾಸ್‌ಪೋರ್ಟ್ ಅವನ ಕೈಯಾಗ ಕೊಟ್ಟು ಬಂದೆ.”

ಶಿವಕುಮಾರಿ ದನಿ ಏರಿಸಲಿಲ್ಲ. “ಅಂವ ಸುಳ್ಳು ಸಿಕ್ಕಾ ಹೊಡದ್ರ ಸಿಗಿಬೀಳೂದು ಅಂವ ಅಲ್ಲ ಕಾಕಾ, ಈ ಹುಡುಗಿ. ಪಾಸ್‌ಪೋರ್ಟ್ ಆಕೀದು. ಅದು ಆಕಿ ಹತ್ರನ ಇರಬೇಕು.”

ಮಾರಿಸೋಲ್‌ಗೆ ಮಾತು ತಿಳಿಯಲಿಲ್ಲ. ಮುಖಗಳು ತಿಳಿದವು. ಅವಳು ಮಾವನ ಮುಂದೆ ಒಂದು ಲೋಟ ನೀರು ತಂದಿಟ್ಟಳು. ಮರೆಪ್ಪನಿಗೆ ಅದನ್ನು ಕುಡಿಯಲು ಆಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ವಾಚ್‌ಮನ್ ಯೂನಿಫಾರ್ಮ್ ಹಾಕಿಕೊಂಡು ಏಜೆಂಟನ ಅಂಗಡಿಯ ಮುಂದೆ ಹೋಗಿ ನಿಂತ. “ಮೇಲಿನ ಸಾಹೇಬರ ಹತ್ರ ಹೋಗಿದೆ, ನಾಳೆ ಬಾ,” ಎಂದ ಏಜೆಂಟ್. ಮರೆಪ್ಪ ಬೆಂಚಿನ ಮೇಲೆ ಕೂತ. ಹನ್ನೊಂದಾಯಿತು, ಒಂದಾಯಿತು. ಬಂದ ಗಿರಾಕಿಗಳು ಯೂನಿಫಾರ್ಮ್ ನೋಡಿ ಪೊಲೀಸನೆಂದುಕೊಂಡು ಒಳಗೆ ಬರದೆ ತಿರುಗಿ ಹೋದರು. ಮೂರು ಗಂಟೆಗೆ ಏಜೆಂಟ್ ತನ್ನದೇ ಮೇಜಿನ ಡ್ರಾವರ್ ಎಳೆದು ಪಾಸ್‌ಪೋರ್ಟನ್ನು ಎಸೆದ. ಮರೆಪ್ಪ ಅದನ್ನು ಕರವಸ್ತ್ರದಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಸೊಸೆಯ ಕೈಯಲ್ಲೇ ಕೊಟ್ಟ.

ಅಂದು ಸಂಜೆ ಶಿವಕುಮಾರಿ ಬೇಕಾದ ಕಾಗದಗಳನ್ನು ಹೇಳುತ್ತ ಹೋದಳು. ಮದುವೆ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿಯಾಗಬೇಕು. ಇಬ್ಬರಲ್ಲಿ ಒಬ್ಬರು ಆ ಭಾಗದಲ್ಲಿ ಮೂವತ್ತು ದಿನ ವಾಸವಾಗಿರಬೇಕು. ನೋಟಿಸ್ ಕೊಟ್ಟ ಮೇಲೆ ಇನ್ನೂ ಮೂವತ್ತು ದಿನ ಕಾಯಬೇಕು. ಮೂವರು ಸಾಕ್ಷಿಗಳು ಬೇಕು.

“ಆಕಿಗೆ ಮೊದಲ ಮದುವಿ ಆಗಿಲ್ಲ ಅಂತ ಆಕಿ ದೇಶದ್ದು ಒಂದು ಸರ್ಟಿಫಿಕೇಟ್ ಬೇಕು. ಅಲ್ಲಿಂದ ತರಸಾಕ ತಿಂಗಳಗಟ್ಟಲೆ ಹಿಡದ್ರ ಕಷ್ಟ ಆಗತೈತಿ,” ಎಂದಳು.

ಬಸು ಅದನ್ನು ಹಿಂದಿಯಲ್ಲಿ ಹೆಂಡತಿಗೆ ಹೇಳಿದ. ಮಾರಿಸೋಲ್ ಎದ್ದು ತನ್ನ ಸೂಟ್‌ಕೇಸ್ ತೆರೆದಳು. ಬಟ್ಟೆಗಳ ಅಡಿಯಿಂದ ಪ್ಲಾಸ್ಟಿಕ್ ಫೈಲ್ ತೆಗೆದಳು. ಅದೇ ಸರ್ಟಿಫಿಕೇಟು, ಅವಳ ಸರ್ಕಾರದ ಮುದ್ರೆ ಸಮೇತ. ಹೊರಡುವ ಮೊದಲೇ ವಿಚಾರಿಸಿ ಮಾಡಿಸಿಕೊಂಡು ಬಂದಿದ್ದಳು.

“ಇಷ್ಟು ದಿನ ಯಾಕ ಹೇಳಲಿಲ್ಲ?” ಎಂದ ಬಸು.

ಹಡಗಿನಲ್ಲಿ ಕಲಿತ ಹಿಂದಿಯಲ್ಲಿ ಅವಳು ಹೇಳಿದಳು, “ಮುಝ್‌ಸೆ ಕಿಸೀನೆ ಪೂಛಾ ನಹೀ.” ಯಾರೂ ನನ್ನನ್ನು ಕೇಳಲೇ ಇಲ್ಲ.

ಭಾಗವ್ವ ಸೊಸೆಯ ಗದ್ದ ಹಿಡಿದು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಇನ್ನೊಂದು ತಪ್ಪೂ ಆಗಿತ್ತು. ವಿದೇಶಿಯರು ಮನೆಯಲ್ಲಿ ಉಳಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಇವರು ಕೊಟ್ಟಿರಲಿಲ್ಲ. “ತಡ ಆಗೇತಿ. ಆದದ್ದು ಆದಂಗ ಖರೇ ಹೇಳಿ ಇವತ್ತ ಕೊಡೂಣು,” ಎಂದಳು ಶಿವಕುಮಾರಿ. “ದಂಡ ಹಾಕಿದ್ರ ಕಟ್ಟೂಣು. ಮುಚ್ಚಿಟ್ರ ಮುಂದಿನ ಎಲ್ಲಾ ಕಾಗದಕ್ಕೂ ಅದರ ನೆರಳು ಬೀಳತೈತಿ.”

ಮಾರಿಸೋಲ್‌ಳ ಸರ್ಟಿಫಿಕೇಟನ್ನು ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಅಧಿಕೃತವಾಗಿ ಅನುವಾದ ಮಾಡಿಸಿದರು. ನಲವತ್ತಾರನೆಯ ದಿನ ಲೋಕಲ್ ರೈಲು ಹಿಡಿದು ವಿವಾಹ ನೋಂದಣಿ ಕಚೇರಿಗೆ ಹೋಗಿ ನೋಟಿಸ್ ಕೊಟ್ಟರು.

ಆಮೇಲೆ ಕಾಯುವ ದಿನಗಳು. ಅವು ವಿಚಿತ್ರವಾಗಿ ಮೆತ್ತಗಿದ್ದವು. ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು, ಸಂಜೆ ದೂರದಿಂದ ಲೋಕಲ್‌ನ ಸದ್ದು. ಮಾರಿಸೋಲ್ ಮುಂಜಾನೆ ನಳದ ಸಾಲಿಗೆ ಕೊಡ ಹಿಡಿದು ಹೋಗತೊಡಗಿದಳು, ರೊಟ್ಟಿ ಬಡಿಯಲು ಕಲಿತಳು. ರೊಟ್ಟಿ ಉಬ್ಬಿದಾಗ ಅದು ಉಸಿರಾಡುತ್ತಿದೆಯೇನೋ ಎಂಬಂತೆ ಬಗ್ಗಿ ನೋಡುತ್ತಿದ್ದಳು. ಕೆಲಸ ಮಾಡುತ್ತ ತನ್ನ ಊರಿನ ಹಾಡು ಗುನುಗುತ್ತಿದ್ದಳು. ಕೆಲವು ದಿನಗಳಲ್ಲಿ ಭಾಗವ್ವನೂ ಅರ್ಥ ತಿಳಿಯದೆ ಅದೇ ಧಾಟಿಯನ್ನು ಗುನುಗತೊಡಗಿದಳು.

ಮರೆಪ್ಪನಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಆ ನೋಟಿಸನ್ನು ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರಂತೆ. ಒಂದು ದಿನ ರಜೆ ಹಾಕಿ ಒಬ್ಬನೇ ನೋಡಲು ಹೋದ. ಗಾಜಿನ ಹಿಂದೆ ಸಾಲು ಸಾಲು ಕಾಗದಗಳು, ಎಷ್ಟೋ ಜೋಡಿಗಳು. ಅವುಗಳ ನಡುವೆ ಬಸುವಿನ ಫೋಟೊ, ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಗಾಜಿನ ಮೇಲೆ ಕಿಟಕಿಯ ಬೆಳಕು ಬಿದ್ದು ಅವಳು ನೀರಿನೊಳಗಿಂದ ನೋಡುತ್ತಿರುವ ಹಾಗಿತ್ತು. ಮರೆಪ್ಪ ಬಹಳ ಹೊತ್ತು ನಿಂತ.

ಪಕ್ಕದಲ್ಲಿದ್ದ ಯಾರೋ ಹಿಂದಿಯಲ್ಲಿ ಕೇಳಿದರು, “ನಿಮ್ಮವರಾ?”

ಮರೆಪ್ಪ ಅತ್ತಿತ್ತ ನೋಡಿದ. “ಹೌದು,” ಎಂದ. “ನನ್ನ ಸೊಸೆ.”

ಆ ಮಾತು ಅವನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಯಾರೂ ಏನೂ ಕೆಡವಲಿಲ್ಲ. ಕೇಳಿದ ಮನುಷ್ಯ ತಲೆಯಾಡಿಸಿ, “ಚೆನ್ನಾಗಿದ್ದಾಳೆ,” ಎಂದು ಹೇಳಿ ತನ್ನ ಕೆಲಸಕ್ಕೆ ಹೋದ.

ಎಪ್ಪತ್ತೆಂಟನೆಯ ದಿನ ಮದುವೆ ನೋಂದಣಿಯಾಯಿತು. ಶಿವಕುಮಾರಿ, ಭಾಗವ್ವ, ಮರೆಪ್ಪ ಮೂವರೂ ಸಾಕ್ಷಿ ಹಾಕಿದರು. ಮರೆಪ್ಪ ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಇಟ್ಟಿಗೆ ಇಟ್ಟಂತೆ ನಿಧಾನವಾಗಿ ಬರೆದ. ಎಂಬತ್ತನೆಯ ದಿನ ಬಸು ಮತ್ತು ಶಿವಕುಮಾರಿ ಫೋನ್ ಹಿಡಿದು ಕೂತು ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಕಚೇರಿಯ ಸರ್ಕಾರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದರು. ಪ್ರವಾಸಿ ವೀಸಾವನ್ನು ಭಾರತೀಯರ ಪತಿ ಪತ್ನಿಗೆ ಕೊಡುವ ಎಕ್ಸ್-2 ವೀಸಾ ಮಾಡಿಕೊಡಿ ಎಂದು. ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದ ಪತ್ರ, ಬಸುವಿನ ಹೊಣೆಗಾರಿಕೆ ಪತ್ರ, ಮದುವೆ ಸರ್ಟಿಫಿಕೇಟು, ಮನೆಯ ವಿಳಾಸ, ಎಲ್ಲ ಸೇರಿಸಿದರು.

“ಇನ್ನ ಪೊಲೀಸರು ವಿಚಾರಣೆಗೆ ಬರಬಹುದು,” ಎಂದಳು ಶಿವಕುಮಾರಿ. “ಗಂಡ ಹೆಂಡತಿ ಖರೇನ ಕೂಡಿ ಇರತಾರೇನು ಅಂತ ನೋಡಾಕ. ಇದ್ದದ್ದು ಇದ್ದಂಗ ಹೇಳ್ರಿ, ಸಾಕು.”

ಐದು ದಿನದ ಮೇಲೆ ಒಬ್ಬ ಕಾನ್‌ಸ್ಟೆಬಲ್ ಬಂದ. ಮರೆಪ್ಪ ಬಾಗಿಲು ಪೂರ್ತಿ ತೆರೆದ. ತಾನೇ ಕುರ್ಚಿ ಹಾಕಿದ. ಕಾನ್‌ಸ್ಟೆಬಲ್ ಮರಾಠಿಯಲ್ಲಿ ಕೇಳುತ್ತ ಹೋದ. ಯಾವಾಗ ಬಂದರು, ಎಲ್ಲಿ ಇರುತ್ತಾರೆ, ಯಾರ ಜೊತೆ. ಮರೆಪ್ಪ ಎಲ್ಲಕ್ಕೂ ಉತ್ತರ ಕೊಟ್ಟ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನೂ ಹೇಳಿದ. ಕಾನ್‌ಸ್ಟೆಬಲ್ ಪಕ್ಕದ ಖೋಲಿಯ ಹನುಮವ್ವನನ್ನು ಕರೆದ.

“ಆಕಿ ನಮಗೆಲ್ಲಾ ಗೊತ್ತದಾಳ ಸಾಹೇಬ,” ಎಂದಳು ಹನುಮವ್ವ. ಚಾಳಿನವರು ಎಲ್ಲ ನೋಡಿದ್ದರು, ಮರೆಪ್ಪ ಹೇಳಲಿಲ್ಲವೆಂದು ಕೇಳಿರಲಿಲ್ಲ, ಅಷ್ಟೆ. “ದಿನಾ ಮುಂಜಾನೆ ನಳದ ಸಾಲಿನ್ಯಾಗ ನನ್ನ ಹಿಂದ ನಿಂದರತಾಳ. ನನ್ನ ಸೊಂಟ ನೋಯತೈತಿ ಅಂತ ನನ್ನ ಕೊಡಾನೂ ಆಕೀನ ಎತ್ತತಾಳ.” ಅವಳು ಕನ್ನಡದಲ್ಲೇ ಹೇಳಿದ್ದಳು. ಬಸು ಅದನ್ನು ಮರಾಠಿ ಮಾಡಿದ. ಕಾನ್‌ಸ್ಟೆಬಲ್ ಬರೆದುಕೊಂಡ, ಚಹಾ ಕುಡಿದ, ಹೋದ.

ಮತ್ತೆ ಕೆಲವು ವಾರ ಕಾದರು. ತೊಂಬತ್ತು ದಿನ ದಾಟಿತು; ಅವಧಿಯೊಳಗೇ ಅರ್ಜಿ ಹಾಕಿದ್ದರಿಂದ ಉತ್ತರ ಬರುವವರೆಗೆ ಇರಬಹುದು ಎಂದಿದ್ದಳು ಶಿವಕುಮಾರಿ. ಅರ್ಜಿಯ ಸ್ವೀಕೃತಿ ಪತ್ರವನ್ನು ಗೋಡೆಯ ಮೇಲೆ ದೇವರ ಪಟದ ಕೆಳಗೆ ಸಿಕ್ಕಿಸಿದ್ದರು.

ಒಂದು ಮಧ್ಯಾಹ್ನ ಬಸುವಿನ ಫೋನಿಗೆ ಈಮೇಲ್ ಬಂತು. ವೀಸಾ ಮಂಜೂರಾಗಿತ್ತು. ಒಳಗೆ ಮಾರಿಸೋಲ್ ಚಾಪೆಯ ಮೇಲೆ ಮಲಗಿದ್ದಳು. ತೆರೆದ ಬಾಗಿಲಿನಿಂದ ಬಂದ ಬಿಸಿಲು ಅವಳ ಪಾದದ ಮೇಲೆ ಬಿದ್ದಿತ್ತು. ಎಬ್ಬಿಸಲು ಹೋದ ಮಗನ ತೋಳನ್ನು ಮರೆಪ್ಪ ಹಿಡಿದ.

“ಮಲಗಲಿ ಬಿಡೋ,” ಎಂದ. “ಎದ್ದ ಮ್ಯಾಲ ಹೇಳಿದ್ರಾತು. ಆಕಿ ಇನ್ನ ಎಲ್ಲಿಗೂ ಹೋಗೂದಿಲ್ಲ.”

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಗೂ ಬೇರೆ ದೇಶದ ಸೊಸೆಯೋ ಅಳಿಯನೋ ಬಂದಿರಬಹುದು. ಅವರನ್ನು ಬಚ್ಚಿಡಬೇಡಿ. ಬಂದ ದಿನವೇ ಮಾಹಿತಿ ಕೊಡಿ. ಗುಡಿಯಲ್ಲಿ, ಚರ್ಚಿನಲ್ಲಿ, ಎಲ್ಲೇ ಮದುವೆಯಾದರೂ ಸರ್ಕಾರದಲ್ಲಿ ನೋಂದಾಯಿಸಿ. ನೋಟಿಸಿನ ಮೂವತ್ತು ದಿನವನ್ನು ಲೆಕ್ಕಕ್ಕೆ ಹಿಡಿದೇ ಮುಂದಿನ ಯೋಚನೆ ಮಾಡಿ. ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿ, ಮುಗಿದ ಮೇಲಲ್ಲ. ಪಾಸ್‌ಪೋರ್ಟನ್ನು ಯಾವ ಏಜೆಂಟನ ಕೈಗೂ ಬಿಟ್ಟುಬರಬೇಡಿ. ನಿಯಮಗಳು ಆಗಾಗ ಬದಲಾಗುತ್ತವೆ, ದೇಶದಿಂದ ದೇಶಕ್ಕೆ ಬೇರೆಯೂ ಇರುತ್ತವೆ. ಆದ್ದರಿಂದ ಸರ್ಕಾರಿ ವೆಬ್‌ಸೈಟನ್ನೇ ನೋಡಿ, ಇಲ್ಲವೇ ತಿಳಿದ ವಕೀಲರನ್ನು ಕೇಳಿ. ವೀಸಾವನ್ನು ಕಾಲಕಾಲಕ್ಕೆ ಮುಂದುವರಿಸಿಕೊಳ್ಳಿ. ನೋಂದಣಿಯಾದ ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಮತ್ತೆ ಮತ್ತೆ ವೀಸಾ ಬೇಡದೆ ಇಲ್ಲಿ ಇರಲು ಬಿಡುವ ಓಸಿಐ ಕಾರ್ಡಿಗೂ ಅರ್ಜಿ ಹಾಕಬಹುದು.

ಈಗ ಓದುವುದನ್ನು ನಿಲ್ಲಿಸಿ ಎದ್ದು ಹೋಗಿ. ನಿಮ್ಮ ಮನೆಗೆ ಬಂದವರ ಪಾಸ್‌ಪೋರ್ಟ್ ತೆರೆದು ವೀಸಾದ ಕೊನೆಯ ದಿನ ಯಾವುದು, ಒಂದು ಸಲ ಬಂದರೆ ಎಷ್ಟು ದಿನ ಇರಬಹುದು ಎಂದು ಇವತ್ತೇ ನೋಡಿ.