ದಿನ್ನಿ ಹೊಲದ ಹಕ್ಕಿಗಳು

ಮಗಳ ಜೊತೆ ದೋಣಿ ಹತ್ತಬೇಕಾದೀತೆಂದು ಶೇವಂತಿ ಅಂದುಕೊಂಡಿರಲೇ ಇಲ್ಲ. ಜಮಖಂಡಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ವಂದನಾ, ಬೀಳಗಿ ಕಡೆಯ ಹಿನ್ನೀರಿನ ನಡುಗಡ್ಡೆಗಳಲ್ಲಿ ಹಕ್ಕಿ ನೋಡಲೆಂದು ಇಡೀ ದೋಣಿಯನ್ನೇ ಮೂರು ದಿನಕ್ಕೆ ಗೊತ್ತು ಮಾಡಿದ್ದಳು. ಜೊತೆಗೆ ಬರಬೇಕಿದ್ದ ಗೆಳತಿ ರಾಜಶ್ರೀಗೆ ಹೊರಡುವ ಮುನ್ನಾದಿನ ಜ್ವರ ಬಂತು. ಹುಡುಗಿಯೊಬ್ಬಳನ್ನೇ ನೀರಿನ ಮೇಲೆ ಕಳಿಸಲು ಅಪ್ಪ ಬಸಗೊಂಡಪ್ಪ ಸುತರಾಂ ಒಪ್ಪಲಿಲ್ಲ.

"ನೀನರ ಹೋಗಿ ಬಾ. ಮಗ್ಗ ನಾ ನೋಡ್ಕೋತೇನಿ" ಎಂದ ಹೆಂಡತಿಗೆ.

ಹೀಗೆ ಶೇವಂತಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಉಂಡಿ ಕಟ್ಟಿಕೊಂಡು ಬನಹಟ್ಟಿಯಿಂದ ಹೊರಟಳು. ಪವರ್‌ಲೂಮಿನ ಸದ್ದಿನಲ್ಲೇ ಇಪ್ಪತ್ತೈದು ವರ್ಷ ಕಳೆದವಳಿಗೆ ಆ ನೀರಿನ ಮೌನ ಮೊದಲ ದಿನ ತಡೆಯಲಾಗಲಿಲ್ಲ. ದೋಣಿಯ ಯಲ್ಲಾಲಿಂಗ ಮಾತು ಕಡಿಮೆ ಆಡುವವ. ಇಂಜಿನ್ ಆರಿಸಿ ದೂರಕ್ಕೆ ಕೈ ತೋರಿಸುತ್ತಿದ್ದ, ವಂದನಾ ದುರ್ಬೀನು ಎತ್ತುತ್ತಿದ್ದಳು. ಗುಲಾಬಿ ಕಾಲಿನ ರಾಜಹಂಸಗಳ ಹಿಂಡು ಕೆಸರಲ್ಲಿ ತಲೆ ಹುದುಗಿಸಿ ಮೇಯುವುದನ್ನು ಶೇವಂತಿಯೂ ನೋಡಿದಳು. ಇಳಕಲ್ಲ ಸೀರೆಯ ಸೆರಗಿಗೆ ಈ ಬಣ್ಣ ಒಪ್ಪುತ್ತದೆ ಅನ್ನಿಸಿತು, ಅಷ್ಟೇ.

ಎರಡನೆಯ ದಿನ ಬಿಸಿಲೇರುವ ಹೊತ್ತಿಗೆ ಉದ್ದನೆಯ ಬೋಳು ನಡುಗಡ್ಡೆಯೊಂದು ಕಂಡಿತು. ಏಪ್ರಿಲ್ ಆದ್ದರಿಂದ ನೀರು ಇಳಿದು ಮಣ್ಣು ಬಿರಿದಿತ್ತು. ಅದರ ಮೇಲೆ ಬೂದು ಮೈಯ, ಕರೀ ನೆತ್ತಿಯ, ಹಳದಿ ಕೊಕ್ಕಿನ ಹಕ್ಕಿಗಳು ಅಲ್ಲಲ್ಲಿ ನೆಲಕ್ಕೆ ಅಂಟಿಕೊಂಡು ಕೂತಿದ್ದವು.

"ಹೊಳಿ ರೀವ ಹಕ್ಕಿ" ಎಂದು ವಂದನಾ ಪಿಸುಗುಟ್ಟಿದಳು. "ಗೂಡು ಕಟ್ಟೂದಿಲ್ಲ ಅವು. ಬರೀ ನೆಲದಾಗ ತತ್ತಿ ಇಡ್ತಾವು."

ಶೇವಂತಿ ಹಕ್ಕಿಗಳನ್ನು ನೋಡುತ್ತಿರಲಿಲ್ಲ. ಏರಿನ ನೆತ್ತಿಯಲ್ಲಿ ಅರ್ಧ ಹೂತುಹೋದ ಕಲ್ಲಿನ ಬಾನಿಯೊಂದಿತ್ತು, ಎತ್ತುಗಳಿಗೆ ನೀರು ಹಾಕುವಂಥದು. ಅದರಾಚೆ ಬದುವಿನ ಕಲ್ಲುಗಳ ಸಾಲು ಬಾಗಿ ನೀರಿಗಿಳಿದಿತ್ತು. ಆ ಬಾಗು ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಬುತ್ತಿ ಹೊತ್ತುಕೊಂಡು ಅದೇ ಕಲ್ಲುಗಳ ಮೇಲೆ ಜಿಗಿಯುತ್ತ ಬರುತ್ತಿದ್ದಳು.

"ತಮ್ಮಾ, ದೋಣಿ ದಂಡಿಗೆ ಹಚ್ಚು" ಎಂದಳು. "ಇದು ನಮ್ಮ ದಿನ್ನಿ ಹೊಲ."

ಯಲ್ಲಾಲಿಂಗ ವಂದನಾಳ ಮುಖ ನೋಡಿದ.

"ಈಗ ಇಳಿಯೂಹಂಗಿಲ್ಲ ಬೇ ಅವ್ವ. ನಾವು ಇಳಿದ್ರ ಹಕ್ಕಿ ಎದ್ದುಬಿಡ್ತಾವು. ಈ ಬಿಸಿಲಾಗ ತತ್ತಿ ಬೆಂದುಹೋಗ್ತಾವು" ಎಂದಳು ವಂದನಾ.

"ನನ್ನ ತವರಮನಿ ಹೊಲದಾಗ ಕಾಲಿಡಾಕ ನಾ ಹಕ್ಕಿ ಕೇಳಬೇಕೇನ? ನಿನ್ನ ಕೇಳಬೇಕೇನ?"

ಅವ್ವ ಈ ಧಾಟಿಯಲ್ಲಿ ಮಾತಾಡಿದ್ದನ್ನು ವಂದನಾ ಕೇಳಿರಲಿಲ್ಲ. ಅಣೆಕಟ್ಟಿನ ನೀರಿಗೆ ಅಜ್ಜಿಯ ಊರು ಹೋಯಿತೆಂದು ಅವಳಿಗೆ ಗೊತ್ತಿತ್ತು, ಆದರೆ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ದುರ್ಬೀನು ಕೆಳಗಿಟ್ಟು, "ಹಚ್ಚರಿ" ಎಂದಳು ಯಲ್ಲಾಲಿಂಗನಿಗೆ. "ಅವ್ವ, ನೀ ಒಬ್ಬಾಕಿನ ಹೋಗಿ ಲಗೂನ ಬಾ. ನೆಲ ನೋಡ್ಕೋತ ನಡಿ."

ಶೇವಂತಿ ಇಳಿದಳು. ಕಾಲಡಿಯ ಮಣ್ಣು ಕಾದಿತ್ತು. ಅವಳು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಕಿರುಚುತ್ತ ನೆತ್ತಿಯ ಮೇಲೆ ಎರಗಿದವು. ಒಂದರ ರೆಕ್ಕೆ ಕಿವಿಗೆ ಬಡಿಯಿತು. ಸೆರಗು ತಲೆಯ ಮೇಲೆಳೆದುಕೊಂಡು ಬಾನಿಯ ಕಡೆಗೇ ನಡೆದಳು. ಇನ್ನೇನು ಕೈ ಚಾಚಿದರೆ ಸಿಗಬೇಕು, ಆಗ ಎತ್ತಿದ ಕಾಲಿನ ಕೆಳಗೆ ಅದು ಕಂಡಿತು. ಮಣ್ಣಿನ ಬಣ್ಣದ, ಕಂದು ಚುಕ್ಕಿಯ ಎರಡು ತತ್ತಿಗಳು, ಎತ್ತಿನ ಹೆಜ್ಜೆಯಷ್ಟು ತಗ್ಗಿನಲ್ಲಿ.

ಎತ್ತಿದ ಕಾಲನ್ನು ಅವಳು ಹಿಂದಕ್ಕಿಟ್ಟಳು. ಹಕ್ಕಿಯೊಂದು ನೀರಿಗೆ ಹೋಗಿ ಹೊಟ್ಟೆ ಅದ್ದಿಕೊಂಡು ಬಂದು ಅವಳ ಸುತ್ತ ಸುತ್ತುತ್ತಿತ್ತು. ಹನಿ ಅವಳ ತೋಳಿನ ಮೇಲೆ ಬಿತ್ತು. ತತ್ತಿ ತಂಪು ಮಾಡಲು ಅದು ಇಳಿಯಬೇಕು, ಇವಳಿದ್ದಾಳೆಂದು ಇಳಿಯಲಾರದು. ಮತ್ತೆ ನೀರಿಗೆ ಹೋಯಿತು, ಮತ್ತೆ ಬಂತು.

ಬಾನಿಯನ್ನು ಮುಟ್ಟದೆ, ತಾನು ಬಂದ ಹೆಜ್ಜೆಗಳಲ್ಲೇ ಕಾಲಿಡುತ್ತ ಶೇವಂತಿ ಹಿಂತಿರುಗಿದಳು.

"ಹಿಂದಕ್ಕ ತಗೀ ತಮ್ಮಾ. ದೂರ ಹೋಗೂಣು."

ದೋಣಿ ಸರಿದ ಮೇಲೆ ಆ ಹಕ್ಕಿ ಇಳಿಯಿತು. ಒದ್ದೆ ಹೊಟ್ಟೆಯನ್ನು ತತ್ತಿಗಳ ಮೇಲೆ ಒರಸುವಂತೆ ಅಲುಗಾಡಿ ಕೂತಿತು. ವಂದನಾ ದುರ್ಬೀನು ಕೊಟ್ಟಳು. ಶೇವಂತಿ ಅದನ್ನು ಬಹಳ ಹೊತ್ತು ಕಣ್ಣಿನಿಂದ ತೆಗೆಯಲಿಲ್ಲ. ಗಲ್ಲದ ಮೇಲೆ ನೀರಿಳಿಯುತ್ತಿದ್ದುದನ್ನು ಮಗಳು ನೋಡಿಯೂ ನೋಡದಂತಿದ್ದಳು.

ಆ ಸಂಜೆ ಬೇರೊಂದು ದಂಡೆಯಲ್ಲಿ ತಾಡಪಾಲ ಕಟ್ಟಿಕೊಂಡು ಕೂತಾಗ, ಕೇಳದೆಯೇ ಶೇವಂತಿ ಹೇಳತೊಡಗಿದಳು.

"ನೀರು ಬಾಗಲಕ್ಕ ಬಂದ್ರೂ ನಿಮ್ಮಜ್ಜಿ ಅನ್ನವ್ವ ಹೊಸ್ತಲಾ ಬಿಟ್ಟು ಏಳಲಿಲ್ಲ. ನಾನೂ ನಿಮ್ಮ ಮಾವನೂ ಕೂಡಿ ಎತ್ತಿ ಟ್ರ್ಯಾಕ್ಟರಿನ್ಯಾಗ ಕುಂಡ್ರಿಸಿದ್ವಿ. ಹೊಸಾ ಮನಿಗಿ ಹೋದಮ್ಯಾಗ ದಿನಾ ಬಾಗಲಾ ಸಾರಸ್ತಿದ್ಳು, ಆದ್ರ ರಂಗೋಲಿ ಹಾಕ್ತಿರಲಿಲ್ಲ. ಯಾಕ ಬೇ ಅಂದ್ರ, ಇದು ಮಂದಿ ಮನಿ ಅಂತಿದ್ಳು."

"ಕಡೀತನಾ ಹಾಕಲಿಲ್ಲೇನು?"

"ಬಾಣಂತನಕ್ಕ ಹೋದಾಗ, ನಿನ್ನ ತೊಟ್ಟಲದಾಗ ಹಾಕೂ ದಿನ ಹಾಕಿದ್ಳು. ಅವತ್ತ ನೋಡಿದ್ದು." ಒಂದು ಗುಟುಕು ನೀರು ಕುಡಿದಳು. "ಆಕಿ ಸಿಟ್ಟು ಏನಂತ ನನಗ ಅರ್ಥ ಆಗಿರಲಿಲ್ಲ. ಇವತ್ತು ಆ ಹಕ್ಕಿ ನನ್ನ ಬಡೀತಲ್ಲ, ಆವಾಗ ಸ್ವಲ್ಪ ಆತು."

ವಂದನಾ ಅವ್ವನ ಕಾಲ ಬಳಿ ಸರಿದು ಕೂತಳು.

ಮರುದಿನ ವಾಪಸು ಬರುವಾಗ ಶೇವಂತಿ ಯಲ್ಲಾಲಿಂಗನನ್ನು ಕೇಳಿದಳು: "ಮಳಿಗಾಲದಾಗ ಆ ದಿನ್ನಿ ಮುಳಗತೈತಲ್ಲ, ಮರಿ ಏನ ಮಾಡ್ತಾವು?"

"ಅಷ್ಟರಾಗ ಹಾರತಾವ್ರಿ ಅಕ್ಕಾರ. ಒಂದೊಂದು ವರ್ಷ ನೀರು ಲಗೂ ಬರತೈತಿ. ಆವಾಗ ಆಗೂದಿಲ್ಲ."

"ಆದ್ರೂ ಮುಂದಿನ ವರ್ಷ ಬರ್ತಾವೇನು?"

"ಬರ್ತಾವ್ರಿ."

ದಂಡೆಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ಅವಳು ಅಣ್ಣ ಶಿದ್ರಾಮಪ್ಪನಿಗೆ ಫೋನು ಹಚ್ಚಿದಳು. ಅವನು ಪುನರ್ವಸತಿ ಊರಲ್ಲಿದ್ದ.

"ಅಣ್ಣಾ, ದಿನ್ನಿ ಹೊಲಾ ನೋಡಿ ಬಂದ್ನಿ."

"ಖರೇನ? ನಾಳಿನ ಬರ್ತೇನಿ. ದೋಣಿ ಯಾರದು?"

"ಈಗ ಬ್ಯಾಡ. ಅಲ್ಲೆ ಹಕ್ಕಿ ತತ್ತಿಗಿ ಕುಂತಾವು."

"ಮಳಿ ಬಂದ್ರ ಮತ್ತ ನೀರಾಗ ಹೋಗತೈತಲ್ಲೇ!"

"ಹೋಗಲಿ. ಮುಂದಿನ ಬ್ಯಾಸಗಿಗಿ ಇಬ್ಬರೂ ಹೋಗೂಣು. ದೋಣ್ಯಾಗ ಕುಂತ ನೋಡೂಣು."

ಎಂಥ ಹಕ್ಕಿ, ಹ್ಯಾಂಗ ಅದಾವು ಎಂದು ಕೇಳಿದ. ಶೇವಂತಿ ರಸ್ತೆಬದಿಯ ಜಾಲಿಮರದ ನೆರಳಿಗೆ ಸರಿದು, ಬಸ್ಸು ಬರುವವರೆಗೂ ಹೇಳುತ್ತ ನಿಂತಳು.