ನುಂಗುವುದೋ, ನುಡಿಯುವುದೋ

ಫೇಜಿಯಾ ಅಂದರೋ ಫೇಸಿಯಾ ಅಂದರೋ, ಸರಿಯಾಗಿ ಆ ಶಬ್ದಕ್ಕೇ ಡಾಕ್ಟರು ಕೆಮ್ಮಬೇಕೇ, ಅಭಿಜ್ಞಾ ಕಾಲಡಿಯ ಪೆಡಲ್ ಒತ್ತಿ ರೆಕಾರ್ಡಿಂಗಿನಲ್ಲಿ ಹಿಂದೆ ಹೋದಳು, ಮತ್ತೆ ಅದೇ ಕೆಮ್ಮು — ಅಮೆರಿಕದ ಯಾವುದೋ ಆಸ್ಪತ್ರೆಯ ಕೆಮ್ಮು, ಶಿರಸಿಯ ಐದು ರಸ್ತೆಯ ಬಸ್ಸಿನ ಹಾರ್ನಿನ ಜೊತೆ ಕಿವಿಯೊಳಗೆ ಕಲೆಯುತ್ತದೆ, ಡಿಸ್ಫೇಜಿಯಾ ಆದರೆ ನುಂಗಲಾಗದು, ಡಿಸ್ಫೇಸಿಯಾ ಆದರೆ ಮಾತಾಡಲಾಗದು, ಒಂದೇ ಅಕ್ಷರ, ತಾನು ಟೈಪು ಮಾಡಿದ್ದನ್ನು ಓದಿಯೇ ಅಲ್ಲಿಯ ನರ್ಸು, ಡಾಕ್ಟರು ಯಾರ ವರದಿ ಹೇಳುತ್ತಿದ್ದಾರೋ ಆ ಮುದುಕಿಗೆ ನೀರು ಕುಡಿಸುವವಳು, ಮಾತಷ್ಟೇ ಹೋಗಿದೆ ಅಂತಿದ್ದರೆ ಕುಡಿಸಿಬಿಡುತ್ತಾಳೆ, ನೀರು ಶ್ವಾಸಕ್ಕೆ ಇಳಿದರೆ — ಎಂತಾದ್ರೂ ಒಂದು ಹಾಕಿ ಕಳ್ಸು ಮಾರಾಯ್ತಿ, ಆ ಕಡೆಯವ್ರು ಕಾಯ್ತಾ ಇದ್ದಾರೆ, ಮ್ಯಾನೇಜರು ಸುಮಂತಣ್ಣ ಬಾಗಿಲಲ್ಲೇ ನಿಂತು ಹೇಳಿ ಹೋದ, ಅವನ ಅವಸರ ಅವನಿಗೆ, ಆದರೆ ಎಂತಾದ್ರೂ ಒಂದು ಹಾಕುವ ಕೈಯಲ್ಲ ಗಂಗಾಂಬಿಕಕ್ಕನದು, ದಿನಾ ಬನವಾಸಿಯಿಂದ ಬಂದು ಇಲ್ಲಿಯ ಹುಡುಗಿಯರಿಗೆಲ್ಲ ಡಾಕ್ಟರ ದನಿ ಕೇಳಿ ವರದಿ ಟೈಪಿಸುವ ಈ ಕೆಲಸ ಕಲಿಸಿದವಳು, ಮೊದಲ ವಾರವೇ ಅಭಿಜ್ಞಾಳ ಬೆರಳನ್ನು ತನ್ನ ಗಂಟಲ ಮೇಲಿಟ್ಟುಕೊಂಡು ಗುಟುಕು ನೀರು ನುಂಗಿದ್ದಳು, ನೋಡವಾ, ಈ ಗಂಟು ಮ್ಯಾಲೆ ಹೋಗಿ ಕೆಳಗ ಬಂತಲ್ಲ, ಅದಕ್ಕ ತ್ರಾಸಾದ್ರ ಫೇಜಿಯಾ — ಅರ್ಥವೆಂಬುದು ಬೆರಳಿಗೆ ಬೆಚ್ಚಗೆ ತಾಗಿತ್ತು — ಒಮ್ಮೆ ಊಹೆ ಮಾಡಿ ತುಂಬು ಅಂದ ಸುಮಂತಣ್ಣನಿಗೆ, ತಿಳೀಲಿಲ್ಲ ಅಂದ್ರ ಜಾಗ ಖಾಲಿ ಬಿಡ್ತೇನ್ರಿ, ನನ್ನ ಕೆಲಸದಿಂದ ತೆಗದ್ರೂ ಅಷ್ಟ, ಅಂದಿದ್ದಳು, ದನಿ ಏರಿಸದೆ, ಅಂಥ ಗಟ್ಟಿತನ ಎಲ್ಲಿಂದ ಬರುತ್ತದೆ ಒಬ್ಬರಿಗೆ, ತನಗೂ ಬಂದೀತೇ.

ಅಕ್ಕಾ, ಸ್ವಲ್ಪ ಇಲ್ಲಿ ಕೇಳಿ ನೋಡಿ, ಪಕ್ಕದ ಕುರ್ಚಿಯಿಂದ ಎದ್ದು ಬಂದ ಗಂಗಾಂಬಿಕಕ್ಕ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚುತ್ತಾಳೆ, ಮತ್ತೆ, ಇನ್ನೊಮ್ಮೆ, ನನಗೂ ತಿಳೀವಲ್ದವಾ, ಎಲ್ಲರೆದುರಿಗೇ ಅಂದುಬಿಟ್ಟಳು, ಎಷ್ಟು ಹಗುರಾಗಿ, ಶಬ್ದ ಬಿಡು, ಮುಂದ ಹೋಗು, ಆ ಮುದುಕಿ ಹೆಂಗದಾಳ ಕೇಳು — ಪೆಡಲ್ ಬಿಟ್ಟು ಮುಂದೆ ಹೋದರೆ, ಡಾಕ್ಟರ ದನಿಯಲ್ಲೇ ನಗುವಿದೆ, ಮೊಮ್ಮಗಳ ಮದುವೆಯ ಕಥೆಯನ್ನೆಲ್ಲ ಮುದುಕಿ ತಡವರಿಸದೆ ಹೇಳಿದಳಂತೆ, ಅಂದರೆ ಮಾತಿದೆ, ಮಾತು ಪೂರಾ ಇದೆ, ಹೋಗಿದ್ದು ನುಂಗುವುದು, ಫೇಜಿಯಾ, ಅಕ್ಕಾ ಫೇಜಿಯಾ — ಹೂಂ, ಹಾಕು, ಆದ್ರ ಡಾಕ್ಟರು ಒಮ್ಮೆ ನೋಡ್ಲಿ ಅಂತ ಗುರುತೂ ಹಾಕು, ನಾವು ಕೇಳಿದ್ದು ಕೆಮ್ಮು, ಶಬ್ದ ಅಲ್ಲ. ಗುರುತು ಹಾಕಿದಳು, ಫೈಲು ಹೋಯಿತು, ಗಂಗಾಂಬಿಕಕ್ಕ ಬೆನ್ನಿಗೊಮ್ಮೆ ಮೆಲ್ಲಗೆ ತಟ್ಟಿ ತನ್ನ ಕುರ್ಚಿಗೆ ಮರಳಿದಳು, ಮುಂದಿನದು ತೆರೆಯಬೇಕು, ಕೈ ಏಳದು, ಕಣ್ಣ ಮುಂದೆ ತಾನೆಂದೂ ಕಾಣದ ಒಂದು ಕೋಣೆ, ಮುದುಕಿಯ ಬಾಯ ತನಕ ಬಂದ ಚಮಚ, ವರದಿ ಓದಿದ ಯಾರದೋ ಕೈ ಅದನ್ನು ಅಲ್ಲೇ ತಡೆದು ಹಿಂದಕ್ಕೆ ತೆಗೆಯುತ್ತದೆ, ಚಮಚ, ಚಮಚದಲ್ಲಿ ತುಳುಕದೆ ನಿಂತ ನೀರು